ಎಡಕ್ಕೆ ಎಳೆಯುವ ಗಾಡಿ

ವೀರೇಂದ್ರಣ್ಣ ಊರಲ್ಲಿಲ್ಲದಾಗ ಅವನ ಬೈಕನ್ನು ಕದ್ದು ಓಡಿಸುತ್ತೇನೆಂದು ದಿನಚರಿಯಲ್ಲಿ ಬರೆಯಲೂ ನನಗೆ ಹೆದರಿಕೆಯಿತ್ತು. ಇದು ೨೦೦೬ರ ಮಾರ್ಚ್ ತಿಂಗಳ ಮಾತು. ಅಣ್ಣ ಬಸ್ಸಿನಲ್ಲಿ ಹಾವೇರಿಗೆ ಹೋಗಿದ್ದ. ಮರುದಿನ ಅವನು, ಹೊಸದಾಗಿ ಮದುವೆಯಾಗಿ ಬಂದ ವೈನಿಯನ್ನು ಅದೇ ಬೈಕಿನಲ್ಲಿ ಕೂರಿಸಿಕೊಂಡು ಶಿರಸಿ ಘಟ್ಟ ಇಳಿದು ಗೋಕರ್ಣಕ್ಕೆ ಹೋಗುವವನಿದ್ದ.

ಆ ಮಧ್ಯಾಹ್ನ ಬ್ಯಾಡಗಿಯಿಂದ ಕದರಮಂಡಲಗಿಗೆ ಒಬ್ಬಳೇ ಹೋಗಿಬಂದೆ. ದಾರಿಯುದ್ದಕ್ಕೂ ಗಾಡಿ ಎಡಕ್ಕೆ ಎಳೆಯುತ್ತಿತ್ತು. ಸೀರೆಯುಟ್ಟವರು ಕಾಲಿಡುವ ಎಡಗಡೆಯ ಫುಟ್‌ರೆಸ್ಟನ್ನು ನಾನು ಎರಡು ಸಲ ಮಡಚಿದರೂ ಅದು ಬಿಚ್ಚಿಕೊಂಡೇ ಇತ್ತು. ಬಿಸಿಲಿಗೆ ನನ್ನ ಸೀಟು ಸುಡುತ್ತಿತ್ತು, ಹಿಂದಿನದು ಮಾತ್ರ ನೀರಿನ ಕೊಡದಂತೆ ತಣ್ಣಗಿತ್ತು.

ಘಟ್ಟದಲ್ಲಿ ಹೀಗೆಯೇ ಎಳೆದರೆ ಗತಿಯೇನೆಂದು ಮೆಕ್ಯಾನಿಕ್ ಮೈಲಪ್ಪನ ಶೆಡ್ಡಿಗೆ ಒಯ್ದೆ. ಅವನು ಚೈನು, ಚಕ್ರ ಎಲ್ಲ ನೋಡಿದ.

"ಗಾಡಿ ಬರೋಬ್ಬರಿ ಐತಿ ತಂಗಿ. ಹಿಂದ ಒಂದ ಬಾಜು ಕುಂತಾಕಿಗೆ ನಡಕ ಸರದು ಕುಂದ್ರು ಅಂತ ಹೇಳು. ಗೆಳತಿ ಭಾಳ ದಪ್ಪ ಅದಾಳೇನು?"

"ನಾ ಒಬ್ಬಾಕೀನ ಬಂದೇನ್ರಿ."

"ಮತ್ತ ಈ ಹಿಂದಿನ ಸ್ಪ್ರಿಂಗ್ ಯಾಕ ಇಷ್ಟು ತಗ್ಗೈತಿ?"

ಅವನು ಕೇಳುತ್ತಿದ್ದಂತೆಯೇ, ಯಾರೋ ಇಳಿದಂತೆ, ಸ್ಪ್ರಿಂಗ್ ಮೇಲಕ್ಕೆ ಬಂತು. ಮೈಲಪ್ಪ ಎರಡು ಹೆಜ್ಜೆ ಹಿಂದೆ ಸರಿದ. "ಲಗೂ ಮನೀಗೆ ನಡಿ," ಎಂದಷ್ಟೇ ಹೇಳಿದ.

ಬೆಳಿಗ್ಗೆ ಅಣ್ಣ ಬ್ಯಾಗು ಬಿಗಿದು ಗಾಡಿ ಚಾಲೂ ಮಾಡಿದ. ವೈನಿ ಇನ್ನೂ ಹೊಸ್ತಿಲ ಮೇಲೆ ನಿಂತು ಚಪ್ಪಲಿ ಮೆಟ್ಟುತ್ತಿದ್ದಳು. ಹಿಂದಿನ ಸ್ಪ್ರಿಂಗ್ ಮೆಲ್ಲಗೆ ಕೆಳಗಿಳಿಯಿತು.

"ಹತ್ತು ಹತ್ತು, ಹೊತ್ತಾತು," ಎಂದ ಅಣ್ಣ, ಹಿಂದೆ ತಿರುಗದೆ.

ನಾನು ಓಡಿಹೋಗಿ ಹ್ಯಾಂಡಲ್ ಹಿಡಿದೆ. ಹೇಳಿಯೇಬಿಟ್ಟೆ: "ಅಣ್ಣಾ, ನಿನ್ನೆ ಗಾಡಿ ನಾನ ಹೊಡದೇನಿ. ಹಿಂದ ವೈನಿಗೆ ಜಾಗಾ ಇಲ್ಲ."