ಬಾಡಿಗೆಗೆ ಹೋದ ರಕ್ತಬಳಗ

2025ರ ನವೆಂಬರ್ 11, ಮಂಗಳವಾರ. ಬೆಳಗ್ಗೆ ಹತ್ತು ನಲವತ್ತಕ್ಕೆ ಆಳಂದ ಠಾಣೆಯೊಳಗೆ ಬಂದ ಹೆಂಗಸಿನ ಹೆಸರು ಬಾಳಮ್ಮ, ಊರು ನಿಂಬರ್ಗಾ, ಉದ್ಯೋಗ ಕೂಲಿ. ಕೈಯಲ್ಲಿದ್ದ ಅಳಿಯನ ಮೊಬೈಲನ್ನು ಮೇಜಿನ ಮೇಲಿಟ್ಟಳು. ಕೂಡಲು ಹೇಳಿದರೂ ಕೂಡದೆ, ಇನ್‌ಸ್ಪೆಕ್ಟರ್ ವಿಶ್ವಾರಾಧ್ಯ ಕಾಗದದಿಂದ ಮುಖ ಎತ್ತುವ ತನಕ ನಿಂತೇ ಇದ್ದಳು.

ಅವಳ ದೂರು ಹೀಗಿತ್ತು. ನವೆಂಬರ್ 3ರಂದು ಮಗಳು ಸೀಮಾ ಕಲಬುರಗಿಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಹೆತ್ತಳು. ಕೂಸು ಗಟ್ಟಿಮುಟ್ಟಾಗಿತ್ತು, ತಾಯಿಗೆ ರಕ್ತಸ್ರಾವ ನಿಲ್ಲಲಿಲ್ಲ. ಒ ನೆಗೆಟಿವ್ ರಕ್ತ ಬೇಕೆಂದರು. ರಕ್ತನಿಧಿಯಲ್ಲಿ ಇದ್ದದ್ದು ಒಂದೇ ಚೀಲ. ಅಳಿಯ ಗುರುಲಿಂಗ ಮೊಬೈಲಿನಲ್ಲಿ ಹುಡುಕಿದಾಗ ಮೊದಲಿಗೆ ಕಂಡದ್ದು ‘ಆಳಂದ ರಕ್ತಬಳಗ ಡಾಟ್ ಇನ್’ ಎಂಬ ಜಾಲತಾಣ. ಅಲ್ಲಿದ್ದ ನಂಬರಿಗೆ ಫೋನ್ ಮಾಡಿದರೆ, ಅಫಜಲಪುರದಿಂದ ಇಬ್ಬರು ದಾನಿಗಳು ಈಗಲೇ ಹೊರಡುತ್ತಾರೆ, ಕಾರಿನ ಖರ್ಚೆಂದು ಆರು ಸಾವಿರ ಹಾಕಿ ಎಂದರು. ಗುರುಲಿಂಗ ಹಾಕಿದ. ಮಧ್ಯಾಹ್ನ ಎರಡರಿಂದ ಸಂಜೆ ಆರರ ತನಕ ಆಸ್ಪತ್ರೆಯ ಗೇಟಿನಲ್ಲಿ ಬಂದ ಪ್ರತಿ ಕಾರಿನೊಳಗೆ ಇಣುಕುತ್ತ ನಿಂತ. ಯಾರೂ ಬರಲಿಲ್ಲ. ಆ ನಂಬರೂ ಬಂದ್ ಆಯಿತು. ಏಳು ಗಂಟೆಗೆ ನರ್ಸಿಂಗ್ ಓದುವ ಒಬ್ಬ ಹುಡುಗಿ ರಕ್ತ ಕೊಟ್ಟಿದ್ದರಿಂದ ಸೀಮಾ ಉಳಿದಳು. ಆದರೆ ಅಷ್ಟು ಹೊತ್ತಿನಲ್ಲಿ ಅವಳ ಎರಡೂ ಮೂತ್ರಪಿಂಡ ಕೈಕೊಟ್ಟಿದ್ದವು. ಈಗ ದಿನ ಬಿಟ್ಟು ದಿನ ಡಯಾಲಿಸಿಸ್.

"ರೊಕ್ಕ ಹೋತಂತ ಬಂದಿಲ್ರಿ ಸಾಹೇಬ್ರ," ಎಂದಳು ಬಾಳಮ್ಮ. "ಬರಂಗಿಲ್ಲ ಅಂತ ಒಂದ್ ಮಾತ್ ಹೇಳಿದ್ರ ಸಾಕಿತ್ತು. ನಾವು ಬ್ಯಾರೆ ಕಡೆ ಹುಡಿಕ್ಯಾಡತಿದ್ವಿ. ನಾಕ್ ತಾಸು ಗೇಟಿನಾಗ ನಿಂದ್ರಿಸಿದ್ರಲ್ರಿ."

ಇಪ್ಪತ್ತೆರಡು ವರ್ಷದ ಸೇವೆಯಲ್ಲಿ ವಿಶ್ವಾರಾಧ್ಯ ಮೋಸದ ದೂರುಗಳನ್ನು ಲೆಕ್ಕವಿಲ್ಲದಷ್ಟು ಬರೆದುಕೊಂಡಿದ್ದ. ದುರಾಸೆಗೆ ಬಿದ್ದು ಕಳಕೊಂಡವರನ್ನು ಕಂಡು ಒಳಗೊಳಗೇ ನಕ್ಕದ್ದೂ ಉಂಟು. ಇವತ್ತು ಬರೆಯುವಾಗ ಪೆನ್ನು ಕಾಗದವನ್ನು ಹರಿಯುವಷ್ಟು ಒತ್ತುತ್ತಿತ್ತು. ಹನ್ನೊಂದೂವರೆಗೆ ಎಫ್‌ಐಆರ್ ದಾಖಲಾಯಿತು: ಭಾರತೀಯ ನ್ಯಾಯ ಸಂಹಿತೆ ಕಲಂ 318(4), ವಂಚನೆ; ಮಾಹಿತಿ ತಂತ್ರಜ್ಞಾನ ಕಾಯ್ದೆ ಕಲಂ 66ಡಿ, ಕಂಪ್ಯೂಟರ್ ಮೂಲಕ ಸೋಗು ಹಾಕಿ ವಂಚನೆ. ತನಿಖೆಯನ್ನು ತಾನೇ ಕೈಗೆತ್ತಿಕೊಂಡ.

ಠಾಣೆಯ ಕಂಪ್ಯೂಟರ್ ಕೆಲಸ ನೋಡುತ್ತಿದ್ದವಳು ಕಾನ್‌ಸ್ಟೆಬಲ್ ಫರಹೀನ. ಅವಳು ಜಾಲತಾಣ ತೆರೆದಳು. ಅದಿನ್ನೂ ನಡೆಯುತ್ತಿತ್ತು, ನಂಬರು ಮಾತ್ರ ಹೊಸದು. ಮೇಲ್ಗಡೆ ಬಿಳಿ ಅಂಗಿಯ ಮುದುಕರೊಬ್ಬರ ಫೋಟೊ, ಕೆಳಗೆ ‘ಸ್ಥಾಪಕರು: ದತ್ತಾತ್ರೇಯ, ನಿವೃತ್ತ ಲ್ಯಾಬ್ ಟೆಕ್ನಿಷಿಯನ್, ಆಳಂದ’ ಎಂದಿತ್ತು.

ಈ ಕ್ಷಣವೇ ಅದನ್ನು ಮುಚ್ಚಿಸಬೇಕೆಂದು ವಿಶ್ವಾರಾಧ್ಯನ ಹಟ. ಪುಟಗಳನ್ನೆಲ್ಲ ಸಾಕ್ಷ್ಯವಾಗಿ ಉಳಿಸಿಕೊಂಡು, ಅವು ಅಸಲಿನ ಪ್ರತಿ ಎಂಬ ಪ್ರಮಾಣಪತ್ರ ಸಿದ್ಧಮಾಡಿದ ಮೇಲೆಯೇ ಮುಚ್ಚಿಸಬೇಕು, ಇಲ್ಲದಿದ್ದರೆ ಕೋರ್ಟಿನಲ್ಲಿ ಏನೂ ನಿಲ್ಲುವುದಿಲ್ಲ, ಸಂಜೆಯಾಗುತ್ತದೆ ಎಂದಳು ಫರಹೀನ. ಸಂಜೆಯೊಳಗೆ ಇನ್ನೊಬ್ಬ ಗುರುಲಿಂಗ ಸಿಕ್ಕಿಬಿದ್ದರೆ? ವಿಶ್ವಾರಾಧ್ಯ ಕಲಬುರಗಿಯ ರಕ್ತನಿಧಿಗಳಿಗೂ ಆಸ್ಪತ್ರೆಗಳಿಗೂ ಒಂದೊಂದಾಗಿ ತಾನೇ ಫೋನ್ ಮಾಡಿ ಆ ನಂಬರನ್ನು ನಂಬಬೇಡಿರೆಂದು ತಿಳಿಸಿದ. ಒಂದು ಆಸ್ಪತ್ರೆಯವರು, ಹೋದ ತಿಂಗಳೇ ತಮ್ಮಲ್ಲಿ ಇಂಥದ್ದು ನಡೆದಿತ್ತೆಂದರು. ಆ ಮನೆಯವರು ದೂರು ಕೊಟ್ಟಿರಲಿಲ್ಲ. ಕೊಡುವ ಸ್ಥಿತಿಯಲ್ಲಿರಲಿಲ್ಲ.

ಮಧ್ಯಾಹ್ನ ಎರಡಕ್ಕೆ ದತ್ತಾತ್ರೇಯನ ಮನೆ. ಬಾಗಿಲಲ್ಲೇ ವಿಶ್ವಾರಾಧ್ಯನ ಮಾತು ಬಿರುಸಾಯಿತು.

"ರಕ್ತದಾಗ ವ್ಯಾಪಾರ ಯಾವಾಗಿಂದ ಚಾಲೂ ಮಾಡೀರಿ?"

ಉತ್ತರ ಕೊಟ್ಟವಳು ದತ್ತಾತ್ರೇಯನಲ್ಲ, ಒಳಗಿನಿಂದ ಬಂದ ಅವನ ಹೆಂಡತಿ ತುಳಸಾಬಾಯಿ. ಆರು ತಿಂಗಳಿಂದ ಜನ ಬೈದು ಫೋನ್ ಮಾಡುತ್ತಿದ್ದಾರೆ, ಇವರು ಪೇಟೆಗೆ ಹೋಗುವುದನ್ನೇ ಬಿಟ್ಟಿದ್ದಾರೆ, ಈಗ ನೀವೂ ಬಂದಿರಿ ಎಂದಳು. ಮತ್ತೆ ಒಳಗೆ ಹೋಗಿ ಒಂದು ನೀಲಿ ಫೈಲು ತಂದು ಇನ್‌ಸ್ಪೆಕ್ಟರನ ಕೈಗೆ ಕೊಟ್ಟಳು.

"ಓದ್ರಿ. ಆಮ್ಯಾಲ ಕೇಳ್ರಿ."

ಒಂದು ಹಾಳೆಯೂ ಕಳೆದಿರಲಿಲ್ಲ. ಮೂವತ್ತು ವರ್ಷ ಸರಕಾರಿ ಆಸ್ಪತ್ರೆಗಳಲ್ಲಿ ರಕ್ತ ಪರೀಕ್ಷೆ ಮಾಡಿದ ದತ್ತಾತ್ರೇಯ, ನಿವೃತ್ತಿಯಾದ ಮೇಲೆ ಸುತ್ತಲಿನ ಊರುಗಳ ದಾನಿಗಳ ಹೆಸರು ಸೇರಿಸಿ ಆ ಜಾಲತಾಣ ಮಾಡಿಸಿದ್ದ. ಅದರ ನೆತ್ತಿಯ ಮೇಲೆ ‘ರಕ್ತಕ್ಕೆ ಯಾರಿಗೂ ದುಡ್ಡು ಕೊಡಬೇಡಿ’ ಎಂದು ಬರೆಸಿದ್ದ. ಜೇವರ್ಗಿಯ ಮಯೂರ ಎಂಬವನು ಮಾಡಿಕೊಟ್ಟದ್ದು. ಜಾಲತಾಣದ ಹೆಸರಿನ ನೋಂದಣಿಯೂ ಅವನ ಮೂಲಕವೇ. ಈ ವರ್ಷ ಜನವರಿಯಲ್ಲಿ ಜಾಲತಾಣ ನಿಂತಿತು. ಏಪ್ರಿಲ್‌ನಲ್ಲಿ ಮಯೂರನ ಪತ್ರ ಬಂತು: ನಿಮ್ಮ ಅವಧಿ ಮುಗಿದಿದೆ, ಹೆಸರು ಬೇರೆಯವರ ಪಾಲಾಗಿದೆ, ಮರಳಿ ಬೇಕಾದರೆ ಹೊಸ ಮಾಲೀಕರು ಎಂಬತ್ತೈದು ಸಾವಿರ ಕೇಳುತ್ತಿದ್ದಾರೆ. ಪಿಂಚಣಿಯವನ ಬಳಿ ಅಷ್ಟೆಲ್ಲಿಯದು? ಮೇ ತಿಂಗಳಲ್ಲಿ ಜಾಲತಾಣ ಮತ್ತೆ ಶುರುವಾಯಿತು. ಅದೇ ಬಣ್ಣ, ಅದೇ ಫೋಟೊ. ದುಡ್ಡು ಕೊಡಬೇಡಿ ಎಂಬ ಸಾಲೊಂದನ್ನೇ ತೆಗೆದಿದ್ದರು.

ವಿಶ್ವಾರಾಧ್ಯ ಫೈಲು ಮುಚ್ಚಿದ. "ತಪ್ಪ್ ಮಾತಾಡಿದೆ ಕಾಕಾ," ಎಂದು ಬಾಳಮ್ಮನ ದೂರನ್ನು ಹೇಳಿದ. ದತ್ತಾತ್ರೇಯ ಆಗ ಮೊದಲ ಸಲ ಬಾಯಿ ಬಿಟ್ಟು, ನಿಂಬರ್ಗಾದ ಆ ಹುಡುಗಿಯ ರಕ್ತದಲ್ಲಿ ಮೂತ್ರಪಿಂಡದ ಸ್ಥಿತಿ ಹೇಳುವ ಕ್ರಿಯಾಟಿನಿನ್ ಈಗ ಎಷ್ಟಿದೆ ಎಂದು ಕೇಳಿದ.

ಜೀಪಿನಲ್ಲಿ ಫರಹೀನ ಸಾಹೇಬನಿಗೆ ಈ ವ್ಯಾಪಾರದ ಪಾಠ ಹೇಳಿದಳು. ಡಾಟ್ ಇನ್ ಎಂಬುದು ನಮ್ಮ ದೇಶದ ಗುರುತಿನ ಹೆಸರು. ಅದರಲ್ಲಿ ಕೊನೆಯಾಗುವ ಜಾಲತಾಣದ ಹೆಸರನ್ನು ಯಾರೂ ಕಾಯಂ ಕೊಳ್ಳುವಂತಿಲ್ಲ; ವರ್ಷಕ್ಕೆ ಏಳೆಂಟು ನೂರು ಕಟ್ಟಿ ನೋಂದಾಯಿಸಿಕೊಳ್ಳಬೇಕು, ಪ್ರತಿ ವರ್ಷ ನವೀಕರಿಸಬೇಕು. ಮರೆತರೆ ಕೆಲವು ವಾರ ಹಳಬರಿಗೇ ಅವಕಾಶವಿರುತ್ತದೆ. ಆಮೇಲೆ ಅದು ಬಿಡುಗಡೆಯಾಗಿ, ಮೊದಲು ಕೇಳಿದವರ ಪಾಲಾಗುತ್ತದೆ. ಹಾಗೆ ಹಿಡಿದ ಹೆಸರನ್ನು ಬೇಕಾದ ಬೆಲೆಗೆ ಮಾರಬಹುದು.

"ಎಂಟ್ ನೂರಿನ ಮಾಲಿಗೆ ಎಂಬತ್ತೈದ್ ಸಾವಿರ ಕೇಳೋದು ಗುನ್ಹೆ ಅಲ್ಲೇನು?"

"ಬರೇ ಕೇಳಿದ್ರ ಗುನ್ಹೆ ಅಲ್ರಿ ಸರ್. ಕೆಟ್ಟ ಉದ್ದೇಶದ್ಲೆ ಹಿಡದಾರಂತ ನೋಂದಣಿ ಸಂಸ್ಥೆಯ ಪಂಚಾಯ್ತಿಗೆ ತಕರಾರ್ ಹಾಕಬಹುದು. ಅದಕ್ಕೂ ಫೀ ಐತ್ರಿ, ತಿಂಗಳುಗಟ್ಲೆ ಹಿಡಿತೈತಿ. ಪೊಲೀಸ್ ಕೆಲಸ ಅಲ್ರಿ ಅದು."

ವಿಶ್ವಾರಾಧ್ಯನಿಗೆ ಇದು ಗಂಟಲಲ್ಲಿ ಇಳಿಯಲಿಲ್ಲ. ಹಾಗಾದರೆ ತುಳಸಾಬಾಯಿಯ ಫೈಲಿನ ಈ ಚೀಟಿ ಏನು ಎಂದು ಒಂದು ಹಾಳೆ ಮುಂದೆ ಹಿಡಿದ. ಜನವರಿ 9ರಂದು ‘ನವೀಕರಣ ಶುಲ್ಕ’ ಎಂದು ಮಯೂರನಿಗೆ ಕಳಿಸಿದ ಒಂಬೈನೂರು ರೂಪಾಯಿಯ ರಸೀದಿ ಅದು. ಅವಧಿ ಮುಗಿಯುವುದು ಜನವರಿ 20ಕ್ಕೆ. ಫರಹೀನ ಅದನ್ನು ಎರಡು ಸಲ ಓದಿ, ಇದು ಪೊಲೀಸ್ ಕೆಲಸ ಎಂದಳು.

ಅಂದೇ ಬ್ಯಾಂಕಿಗೂ, ನೋಂದಣಿ ಮಾಡುವ ಕಂಪನಿಗೂ ದಾಖಲೆ ಕೇಳಿ ನೋಟಿಸು ಹೋಯಿತು. ಸಂಜೆ ಆರಕ್ಕೆ ಜಾಲತಾಣ ಮುಚ್ಚಿತು.

ನವೆಂಬರ್ 13ರಂದು ಬ್ಯಾಂಕಿನ ಉತ್ತರ ಬಂತು. ಗುರುಲಿಂಗನ ಆರು ಸಾವಿರ ಸೇರಿದ್ದು ಅಫಜಲಪುರ ತಾಲ್ಲೂಕಿನ ಚೌಡಾಪುರದಲ್ಲಿ ಮೊಬೈಲ್ ಅಂಗಡಿ ಇಟ್ಟ ಮಿಲಿಂದನ ಖಾತೆಗೆ. ಮೇ ತಿಂಗಳಿಂದ ಆ ಖಾತೆಗೆ ಇಂಥ ನೂರಾ ಹದಿನೇಳು ಜಮೆಗಳಾಗಿದ್ದವು. ಮರುದಿನ ಬೆಳಗ್ಗೆ ಎಂಟಕ್ಕೆ ಅಂಗಡಿಯ ಶಟರು ಎತ್ತುವಾಗಲೇ ಮಿಲಿಂದ ಸಿಕ್ಕ. ಅರ್ಧ ತಾಸು ಹಾರಾಡಿ, ಆಮೇಲೆ ಎಲ್ಲ ಒಪ್ಪಿದ. ಜಾಲತಾಣ ತನ್ನದಲ್ಲ, ತಿಂಗಳಿಗೆ ಒಂಬತ್ತು ಸಾವಿರಕ್ಕೆ ಜೇವರ್ಗಿಯ ಮಯೂರ ಬಾಡಿಗೆಗೆ ಕೊಟ್ಟದ್ದು ಎಂದ. ಅವನ ಫೋನಿನಲ್ಲಿ ಮಯೂರನ ಜೊತೆಗಿನ ಸಂದೇಶಗಳೆಲ್ಲ ಅಳಿಸಿದ್ದವು.

ಮಿಲಿಂದನನ್ನು ಸಿಬ್ಬಂದಿಯ ಜೊತೆ ಆಳಂದಕ್ಕೆ ಕಳಿಸಿ, ವಿಶ್ವಾರಾಧ್ಯ ಮತ್ತು ಫರಹೀನ ಜೇವರ್ಗಿಗೆ ಹೊರಟರು. ಕಟ್ಟಿಸಂಗಾವಿ ಸೇತುವೆ ದಾಟಿ ಊರು ಮುಟ್ಟಿದಾಗ ಒಂದು ಗಂಟೆ. ಬಸ್ ನಿಲ್ದಾಣದ ಸಮೀಪ ಮಾಳಿಗೆಯ ಮೇಲಿನ ಒಂದು ಕೋಣೆ ಮಯೂರನ ಕಚೇರಿ. ನಲವತ್ತರ ಒಳಗಿನವನು, ಇಸ್ತ್ರಿ ಅಂಗಿ, ಸಾವಕಾಶದ ಮಾತು. ಕುರ್ಚಿ ಹಾಕಿ, ಚಹಾ ಹೇಳಿ, ನಿಯಮ ಹೇಳತೊಡಗಿದ.

"ಸರ್, ಹೆಸರು ಅಂದ್ರ ಪ್ಲಾಟ್ ಇದ್ದಂಗ್ರಿ. ಬಿಟ್ಟವರು ಬಿಡ್ತಾರ, ಹಿಡಿಯವರು ಹಿಡಿತಾರ. ಹೊಸ ಮಾಲೀಕರ ಪರವಾಗಿ ನಾ ಬಾಡಿಗಿ ಕೊಟ್ಟೇನಿ. ಒಳಗ ಅಂವ ಏನ್ ಮಾಡಾಕತ್ತಾನ, ನನಗೇನ್ ಸಂಬಂಧ್ರಿ? ಯಾವ ನಿಯಮ ಮುರದೇನಿ, ಹೇಳ್ರಿ."

"ಜನವರಿ ಒಂಬತ್ತಕ್ಕ ದತ್ತಾತ್ರೇಯ ರೊಕ್ಕ ಕಟ್ಟ್ಯಾರ."

"ಲೇಟ್ ಆಗಿತ್ರಿ. ಸರ್ವರ್ ತಗೊಳ್ಳಲಿಲ್ಲ. ವಾಪಸ್ ಕೊಡಬೇಕಂದಿದ್ದೆ, ಮರತೆ."

ನಾಲಗೆ ಒಂದಿಷ್ಟೂ ತೊದಲಲಿಲ್ಲ. ಆ ನಿರಾಳ ಮುಖ ನೋಡುತ್ತ ವಿಶ್ವಾರಾಧ್ಯನ ಕಿವಿ ಕಾದವು. ಆಸ್ಪತ್ರೆಯ ಗೇಟಿನಲ್ಲಿ ಕಾರುಗಳೊಳಗೆ ಇಣುಕುತ್ತಿದ್ದ ಒಬ್ಬ ಗಂಡ, ಇಲ್ಲಿ ನಿಯಮ ಹೇಳುತ್ತ ಚಹಾ ಕುಡಿಯುವ ಒಬ್ಬ ಮನುಷ್ಯ. ನಡುವೆ ಇದ್ದದ್ದು ಒಂದು ಹೆಸರು ಮಾತ್ರ, ಅದಕ್ಕೆ ತಾನು ಹೊಣೆಯಲ್ಲ ಎನ್ನುತ್ತಿದ್ದಾನೆ. ಎದ್ದು ಕಪಾಳಕ್ಕೆ ಬಾರಿಸುವ ಮನಸ್ಸಾಯಿತು. ಬಾರಿಸಿದರೆ ಇವನ ವಕೀಲನಿಗೆ ಅನುಕೂಲ. ಚಹಾ ಮುಟ್ಟದೆ ಇಬ್ಬರು ಪಂಚರನ್ನು ಕರೆಸಿದ. ವಿಡಿಯೊ ಮಾಡಿಸುತ್ತ ಪಂಚನಾಮೆ ಬರೆಸಿ ಲ್ಯಾಪ್‌ಟಾಪು, ಫೋನು ಜಪ್ತಿ ಮಾಡಿದ. ಬಂಧಿಸಲು ಕೈಯಲ್ಲಿದ್ದ ಸಾಕ್ಷ್ಯ ಇನ್ನೂ ಸಾಲದು. ಮಯೂರ ಮೆಟ್ಟಿಲ ತನಕ ಬಂದು ಅವರನ್ನು ಬೀಳ್ಕೊಟ್ಟ.

ನವೆಂಬರ್ 17, ಸೋಮವಾರ, ನೋಂದಣಿ ಕಂಪನಿಯ ಉತ್ತರ. ಆ ಹೆಸರಿನ ನವೀಕರಣಕ್ಕೆ ಮಯೂರನ ಖಾತೆಯಿಂದ ಒಂದು ಸಲವೂ ಪ್ರಯತ್ನ ನಡೆದಿರಲಿಲ್ಲ. ಬದಲಿಗೆ ಜನವರಿ 10ರಂದು, ದತ್ತಾತ್ರೇಯ ಹಣ ಕಳಿಸಿದ ಮರುದಿನ, ತಾನಾಗಿ ನವೀಕರಣವಾಗುವ ಸೌಲಭ್ಯವನ್ನು ಅದೇ ಖಾತೆಯಿಂದ ತೆಗೆದುಹಾಕಲಾಗಿತ್ತು. ಏಪ್ರಿಲ್‌ನಲ್ಲಿ ಹೆಸರು ಬಿಡುಗಡೆಯಾದ ಒಂದು ನಿಮಿಷದೊಳಗೆ ಅದು ವೃಂದಾ ಎಂಬವಳ ಹೆಸರಿಗೆ ನೋಂದಣಿಯಾಗಿತ್ತು. ಜೊತೆಗೆ ಅವಳ ಆಧಾರ್ ಪ್ರತಿ ಇತ್ತು. ವೃಂದಾ ಮಯೂರನ ಹೆಂಡತಿ. ಕರೆಸಿ ಕೇಳಿದಾಗ, ಗ್ಯಾಸಿನ ಕೆಲಸಕ್ಕೆಂದು ಗಂಡ ಆಧಾರ್ ಇಸಿದುಕೊಂಡಿದ್ದ ಎಂದಳು. ತನ್ನ ಹೆಸರಿನಲ್ಲಿ ರಕ್ತದ ಅಂಗಡಿ ನಡೆದಿದೆ ಎಂದು ಅವಳಿಗೆ ಗೊತ್ತಾದದ್ದು ಆಗಲೇ.

ಅಂದರೆ ‘ಹೊಸ ಮಾಲೀಕರು’ ಎಂಬ ಪತ್ರ ಬರೆದವನೇ ಮಾಲೀಕ. ಪ್ರಕರಣಕ್ಕೆ ಕಲಂ 316, ನಂಬಿಕೆ ದ್ರೋಹ ಸೇರಿತು.

19ರಂದು ಪ್ರಯೋಗಾಲಯದಿಂದ ಮಯೂರನ ಫೋನಿನಲ್ಲಿದ್ದುದರ ಪ್ರತಿ ಬಂತು. ಮಿಲಿಂದ ಅಳಿಸಿದ್ದನ್ನು ಮಯೂರ ಅಳಿಸಿರಲಿಲ್ಲ. ಯಾವ ನಿಯಮವನ್ನೂ ಮುರಿದಿಲ್ಲ ಎಂಬ ಧೈರ್ಯ ಇದ್ದಿರಬೇಕು. ಆಗಸ್ಟ್ 2ರಂದು ದತ್ತಾತ್ರೇಯ ಅವನಿಗೆ ಬರೆದಿದ್ದ: ಇದರಿಂದ ಜನ ಮೋಸ ಹೋಗುತ್ತಿದ್ದಾರೆ, ಹೆಸರು ಹೊಸ ಮಾಲೀಕರಲ್ಲೇ ಇರಲಿ, ಅವರಿಗೆ ಹೇಳಿ ನನ್ನ ಫೋಟೊ ಆದರೂ ತೆಗೆಸಿರಿ. ಮಯೂರ ಅದನ್ನು ಹಾಗೆಯೇ ಮಿಲಿಂದನಿಗೆ ರವಾನಿಸಿ, ಕೆಳಗೆ ಒಂದು ಸಾಲು ಸೇರಿಸಿದ್ದ.

ಫರಹೀನ ಅದನ್ನು ಓದಿ ಹೇಳಿದಳು: "‘ಫೋಟೊ ತೆಗಿಬ್ಯಾಡ. ಆ ಮುದುಕನ ಮಾರಿ ನೋಡೇ ಜನ ರೊಕ್ಕ ಹಾಕ್ತಾರ.’"

ವಿಶ್ವಾರಾಧ್ಯ ಆ ಹಾಳೆಯನ್ನು ಕೈಗೆ ತೆಗೆದುಕೊಂಡು, ಮತ್ತೆ ಮೇಜಿನ ಮೇಲಿಟ್ಟು, ಬೆಳಗಾದ ಕೂಡಲೇ ಜೀಪು ತೆಗೆಯಲು ಹೇಳಿದ.

ನವೆಂಬರ್ 20, ಗುರುವಾರ, ಬೆಳಗ್ಗೆ ಹನ್ನೊಂದು ಇಪ್ಪತ್ತಕ್ಕೆ ಜೇವರ್ಗಿಯಲ್ಲಿ ಮಯೂರನ ಬಂಧನವಾಯಿತು. ಈ ಸಲ ಅವನು ಚಹಾ ಹೇಳಲಿಲ್ಲ. ಬಂಧನದ ಕಾರಣಗಳನ್ನು ಓದಿ ಹೇಳುವಾಗ, ಎಂಬತ್ತೈದು ಸಾವಿರದ ಪತ್ರಕ್ಕಿಂತ ಒಂಬೈನೂರರ ರಸೀದಿಗೆ ಬಂದಾಗ ಅವನ ತಲೆ ಹೆಚ್ಚು ತಗ್ಗಿತು.

ಅವನ ಹೇಳಿಕೆ ಕೇಳಿಕೊಳ್ಳುವಷ್ಟರಲ್ಲಿ ಸಂಜೆಯಾಯಿತು. ಮಯೂರ ಮೊದಲು ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದ. ಐದು ವರ್ಷದ ಹಿಂದೆ ತಾನು ಹಿಡಿದಿಟ್ಟ ಒಂದು ಹೆಸರನ್ನು ಪುಣೆಯವರೊಬ್ಬರು ನಲವತ್ತು ಸಾವಿರಕ್ಕೆ ಕೊಂಡಾಗ, ಕೆಲಸ ಬಿಟ್ಟ. ಊರುಗಳ, ಬೆಳೆಗಳ, ಸಿಹಿತಿಂಡಿಗಳ ಹೆಸರುಗಳನ್ನೆಲ್ಲ ಹಿಡಿಯುತ್ತ ಹೋದ. ಭೂಸನೂರಿನ ಕಬ್ಬು, ನಿಂಬರ್ಗಾದ ತೊಗರಿ, ಯಾವುದನ್ನೂ ಬಿಡಲಿಲ್ಲ. ಲ್ಯಾಪ್‌ಟಾಪಿನಲ್ಲಿ ಒಟ್ಟು ಇನ್ನೂರ ಮೂವತ್ತೊಂದು ಹೆಸರುಗಳಿದ್ದವು. ಪುಣೆಯವರ ನಂತರ ಒಂದೂ ಮಾರಾಟವಾಗಲಿಲ್ಲ. ಪ್ರತಿ ವರ್ಷ ಅಷ್ಟಕ್ಕೂ ನವೀಕರಣ ಕಟ್ಟಬೇಕು. ಒಂದನ್ನು ಕೈಬಿಟ್ಟರೆ ಮುಂದಿನ ತಿಂಗಳು ಅದಕ್ಕೇ ಗಿರಾಕಿ ಬಂದರೇನು ಗತಿ ಎಂಬ ಭಯಕ್ಕೆ ಯಾವುದನ್ನೂ ಬಿಡಲಾರದೆ ಹೋದ. ತಾನು ಹಿಡಿದ ಉಳಿದ ಇನ್ನೂರ ಮೂವತ್ತು ಹೆಸರುಗಳನ್ನು ಹುಡುಕಿಕೊಂಡು ದಿನಕ್ಕೊಬ್ಬರೂ ಬರುತ್ತಿರಲಿಲ್ಲ. ಬೇರೆಯವರದಾದ ಒಂದೇ ಒಂದು ಹೆಸರಿಗೆ, ಆ ರಕ್ತಬಳಗಕ್ಕೆ, ದಿನಾ ನೂರಾರು ಜನ ಬರುವುದನ್ನು ಅವನು ತನ್ನ ಪರದೆಯ ಮೇಲೆ ನೋಡುತ್ತಿದ್ದ.

ಆ ಜನ ಯಾಕೆ ಬರುತ್ತಾರೆಂದು ಒಂದು ದಿನವಾದರೂ ಕೇಳಿಕೊಳ್ಳಲಿಲ್ಲವೇ ಎಂದು ವಿಶ್ವಾರಾಧ್ಯ ಕೇಳಿದ.

"ಕೇಳ್ಕೊಂಡಿದ್ರ ವಾಪಸ್ ಕೊಡಬೇಕಾಗ್ತಿತ್ರಿ," ಎಂದ ಮಯೂರ.

ವಿಶ್ವಾರಾಧ್ಯ ಅದನ್ನು ಅವನು ಹೇಳಿದ ಹಾಗೆಯೇ ಬರೆದುಕೊಂಡು, ಸಮಯ ನಮೂದಿಸಿದ: ಸಂಜೆ ಐದು ನಲವತ್ತು.