ಮೊಳೆ ಕಿತ್ತ ತೊಲೆ

"ತೊಲೆ ಬೇಕಾರೆ ತಗೊಂಡೋಗಪ್ಪ. ಮೊಳೆ ಮಾತ್ರ ಕೀಳ್ಬ್ಯಾಡ."

ಪಟ್ಟಂದೂರು ಅಗ್ರಹಾರದ ತನ್ನ ಹಳೇ ಮನೆ ಕೆಡವಿಸಿ ಪಿ.ಜಿ. ಕಟ್ಟಿಸುತ್ತಿದ್ದ ಪಿಳ್ಳಮ್ಮ, ರಾಶಿ ಬಿದ್ದ ಮರಮುಟ್ಟಿನ ಮುಂದೆ ಸೆರಗಿನಿಂದ ಮೂಗು ಮುಚ್ಚಿಕೊಂಡು ಹೇಳಿದಳು. ಸಿದ್ಧಾರ್ಥ್ ನಕ್ಕ. ಎದುರಿನವರಿಗೆ ಮಾರ್ಕ್ಸ್ ಹಾಕುವಂಥ ನಗೆ ಅವನದು. ಟೆಕ್ ಪಾರ್ಕಿನಲ್ಲಿ ಮ್ಯಾನೇಜರಾಗಿದ್ದವನು ಇತ್ತೀಚೆಗೆ ವಿಡಿಯೋ ನೋಡಿ ಬಡಗಿಯೂ ಆಗಿದ್ದ. ಪ್ಲೈವುಡ್ ಕೊಳ್ಳುವವರನ್ನು ಕಂಡರೆ ಅವನಿಗೆ ಕನಿಕರ. ಮನೆಗೆ ಬಂದವರಿಗೆಲ್ಲ ಹಳೇ ಮರದ ಮಹಿಮೆ ಹೇಳಿ ಹೇಳಿ ಅವರ ಕಾಫಿ ಆರಿಸುತ್ತಿದ್ದ.

"ಆಂಟಿ, ಮೊಳೆ ಬಿಟ್ಟು ರಂದ ಹೊಡೆದ್ರೆ ಬ್ಲೇಡ್ ಹೋಗುತ್ತೆ. ಇದು ಬೇಸಿಕ್ಸು."

"ನಿನ್ ಬಿಲೇಡ್ ಮನೆ ಆಳಾಗ! ಒಳ್ಗೆ ನನ್ ಮೈದುನ ನಲ್ಲಪ್ಪ ಅವ್ನೆ. ಮದ್ವೆ ಆಗ್ದೆ ಸತ್ತೋನು, ಸತ್ಮ್ಯಾಕೂ ಮನೆ ಬುಡ್ನಿಲ್ಲ. ಆನೇಕಲ್ ಕಡೆ ಮಾಟಗಾರ ಬಂದು ಈ ತೊಲೆಗೆ ಕಟ್ಟಿ ಮೊಳೆ ಒಡ್ದ. ನಲ್ಲಪ್ಪಂಗೆ ಮೈ ಬೇಕು ಕಣಪ್ಪ. ಸಿಕ್ರೆ ಸಾಕು, ಮೈಯಾಗಿರೋನ್ನ ತೊಲೆ ಒಳೀಕೆ ತಳ್ಬುಡ್ತಾನೆ."

"ರೆಂಟಲ್ ಅಗ್ರಿಮೆಂಟ್ ಮಾಡ್ಕೊಂಡೇ ತಳ್ತಾನಾ, ಹಂಗೇನಾ?"

"ಬೇಡ ಬಿಡು, ಬೇರೆ ತೊಲೆ ಇದಾವಲ್ಲ" ಎಂದು ಹೆಂಡತಿ ವೇಣಿ ಅವನ ತೋಳು ಹಿಡಿದಳು.

"ಎಂ.ಎಸ್ಸಿ. ಫಿಸಿಕ್ಸ್! ನಿನ್ನ ಪಾಸ್ ಮಾಡಿದೋನು ಯಾವನೋ" ಎಂದ, ಕೆಲಸದವರಿಗೂ ಕೇಳುವಷ್ಟು ಗಟ್ಟಿಯಾಗಿ. ವೇಣಿ ಕೈ ತೆಗೆದಳು. ಮದುವೆಯಾದಾಗಿನಿಂದ ಆಕೆಗಿದು ರೂಢಿ.

ಅಪಾರ್ಟ್‌ಮೆಂಟಿನ ನೆಲಮಾಳಿಗೆಯೇ ಅವನ ಕಾರ್ಖಾನೆ. ಭಾನುವಾರದ ಮಧ್ಯಾಹ್ನವೂ ಅಲ್ಲಿ ಕತ್ತಲೆ. ಯಾರಾದರೂ ಅಲುಗಾಡಿದರೆ ಹತ್ತಿಕೊಂಡು, ಸುಮ್ಮನಾದರೆ ಆರಿಹೋಗುವ ಸೆನ್ಸರ್ ದೀಪ. ಮೂಲೆಯಲ್ಲಿ ಕೊಳಚೆ ನೀರಿನ ಪಂಪಿನ ಗೊರಗೊರ. ತೊಲೆಯಿಂದ ಮನೆಯ ಹಾಲ್‌ಗೊಂದು ಬೆಂಚು ಮಾಡುವ ಉಮೇದಿನಲ್ಲಿ ಅವನು ಮೊದಲ ಮೊಳೆಗೆ ಇಕ್ಕಳ ಹಾಕಿ ಎಳೆದ.

ಕಿರ್ರ್ ಎಂದಿತು. ತುಕ್ಕು ಹಿಡಿದ ಕಬ್ಬಿಣ ಹಾಗೆ ಕಿರುಗುಟ್ಟುವುದು ಸಹಜ ಎಂದುಕೊಂಡ. ಎರಡನೆಯದು ನರಳಿತು. ಅದೂ ಸಹಜ ಎಂದುಕೊಂಡ. ತೂತುಗಳಿಂದ ಹಳಸಿದ ಅನ್ನದ ವಾಸನೆ, ಬೀಡಿಯ ವಾಸನೆ, ಆಮೇಲೆ ಬಹಳ ಕಾಲ ಬಾಯಿ ತೆರೆಯದವನ ಉಸಿರಿನ ವಾಸನೆ ಹೊರಟವು. ಮರ ಬೆಚ್ಚಗಿತ್ತು, ಜ್ವರ ಬಂದ ಹಣೆಯ ಹಾಗೆ. 'ಮಾಯಿಶ್ಚರ್' ಎಂದು ಗೊಣಗಿ ಕೊನೆಯ ಮೊಳೆಯನ್ನೂ ಕಿತ್ತೆಸೆದ. ತೇವ ಎಷ್ಟು ಆಳಕ್ಕಿದೆಯೋ ನೋಡೋಣವೆಂದು ಬಗ್ಗಿ ತೂತಿಗೆ ಕಣ್ಣಿಟ್ಟ.

ಒಳಗಿನಿಂದಲೂ ಯಾರೋ ಕಣ್ಣಿಟ್ಟಿದ್ದರು.

ದೀಪ ಆರಿತು. ಕೈ ಬೀಸಿದ. ಹತ್ತಲಿಲ್ಲ. ಮತ್ತೆ ಬೀಸಿದ. ಬೀಸಲು ಕೈ ಇರಲಿಲ್ಲ. ಕಾಲಿರಲಿಲ್ಲ. ಸುತ್ತ ಮರ. ಉಸಿರಿನ ಜಾಗದಲ್ಲಿ ಮರದ ಹೊಟ್ಟು.

ದೀಪ ತಾನಾಗಿ ಹತ್ತಿತು. ಎದುರಿಗೊಬ್ಬ ನಿಂತಿದ್ದ. ತನ್ನದೇ ಟೀ ಶರ್ಟು. ತನ್ನದೇ ಗಡ್ಡ. ಹೊಸ ಅಂಗಿಯ ಅಳತೆ ನೋಡುವವನಂತೆ ಬೆರಳುಗಳನ್ನು ಒಂದೊಂದಾಗಿ ಮಡಿಸಿ ಬಿಡಿಸುತ್ತಿದ್ದ. ಆಮೇಲೆ ಮರದ ಹುಡಿಯನ್ನು ಗೋಂದಿನಲ್ಲಿ ಕಲಸಿ, ನಿಧಾನವಾಗಿ, ಮೊದಲ ತೂತು ಮೆತ್ತಿದ. ವಾಸನೆಗಳೆಲ್ಲ ಹೋದವು. ಎರಡನೆಯದು ಮೆತ್ತಿದ. ಪಂಪಿನ ಸದ್ದು ದೂರವಾಯಿತು. ಸಿದ್ಧಾರ್ಥ್ ಕಿರುಚಿದ. ತೊಲೆ ಲಟಕ್ಕೆಂದಿತು, ಅಷ್ಟೇ.

ಮೆಟ್ಟಿಲಿಳಿದು ವೇಣಿ ಬಂದಳು.

"ಊಟ ಮಾಡ್ದ್ಯಾ?" ಎಂದು ಎದುರಿಗಿದ್ದವನು ಕೇಳಿದ.

ವೇಣಿ ನಿಂತಲ್ಲೇ ನಿಂತಳು. "ಇಲ್ಲ... ನೀನು ಬರ್ಲಿ ಅಂತ..."

"ನಂಗ್ಯಾಕ್ ಕಾಯ್ತೀಯವ್ವ? ಅಸ್ಕೊಂಡಿರ್ಬಾರ್ದು."

ಗಂಡನ ಬಾಯಲ್ಲಿ ಅಂಥ ಮಾತೂ ಇರಲಿಲ್ಲ, ಅಂಥ ಕನ್ನಡವೂ ಇರಲಿಲ್ಲ. ಹಿಂದೆ ಸರಿದು ಕಂಬಕ್ಕೆ ಒರಗಿದಳು. "ಯಾರು ನೀನು?"

ಅವನು ಸುಳ್ಳು ಹೇಳಲಿಲ್ಲ. ತಲೆ ತಗ್ಗಿಸಿದ.

ತೊಲೆ ಮತ್ತೆ ಲಟಲಟ ಎಂದಿತು. ವೇಣಿ ಮಂಡಿಯೂರಿದಳು. ಮುಚ್ಚದೆ ಉಳಿದಿದ್ದ ತೂತಿಗೆ ಕಿವಿಯಿಟ್ಟಳು. ಆಕೆ ಪಿಳ್ಳಮ್ಮನ ಬಳಿ ಓಡಿದರೆ ಸಾಕಿತ್ತು. ತೊಲೆಯೊಳಗಿನಿಂದ ಕಾಪಾಡು ಎಂಬ ಒಂದೇ ಮಾತು ಸಾಕಿತ್ತು.

"ಏನ್ ಮಿಕಮಿಕ ನೋಡ್ತಿದೀಯ, ಪೆದ್ದಿ?" ಎಂದಿತು ಮರದೊಳಗಿನ ದನಿ. "ಆ ಮುದುಕೀನ ಕರ್ಕೊಂಡ್ ಬಾ, ಬೇಗ! ಇಷ್ಟೂ ನಾನೇ ಹೇಳ್ಕೊಡ್ಬೇಕಾ ನಿಂಗೆ?"

ವೇಣಿ ತೂತಿನಿಂದ ಕಿವಿ ತೆಗೆದಳು. ಎದ್ದಳು. ಮಂಡಿಗೆ ಮೆತ್ತಿದ್ದ ಹೊಟ್ಟು ಕೊಡವಿಕೊಂಡಳು. ತಲೆ ತಗ್ಗಿಸಿ ನಿಂತಿದ್ದವನನ್ನು ನೋಡಿದಳು.

"ಇಲ್ಲೊಂದು ತೂತು ಉಳಿದಿದೆ" ಎಂದಳು.