ನಡುವಿನ ಕಾಲು ಗಂಟೆ

ನಂಬಿದ್ರೆ ನಂಬಿ, ಬಿಟ್ರೆ ಬಿಡಿ. ನಮ್ಮ ಲೈಬ್ರರಿ ನಾಲ್ಕು ಗಂಟೆವರೆಗೆ ಶಾಲೆಯದ್ದು, ನಾಲ್ಕೂಕಾಲಿನಿಂದ ಊರವರದ್ದು. ನಡುವಿನ ಕಾಲು ಗಂಟೆ ಎರಡೂ ಬಾಗಿಲಿಗೆ ಬೀಗ ಜಡಿದು ನಾನು ಟೀಗೆ ಹೋಗುತ್ತೇನೆ. ವಾಪಸ್ ಬಂದಾಗೆಲ್ಲ ಒಂದು ಪುಟ್ಟ ಕುರ್ಚಿ ಬೆಚ್ಚಗಿರುತ್ತಿತ್ತು. ಮೇಜಿನ ಮೇಲೆ ಅದೇ ಸಮುದ್ರಯಾನದ ಕಥೆ, ದಿನಕ್ಕೆ ಹತ್ತು ಪುಟ ಮುಂದಕ್ಕೆ. ಮಗುಚಿದ ಪುಟಗಳ ಮೂಲೆಯೆಲ್ಲ ಎಂಜಲಿನಿಂದ ಒದ್ದೆ.

"ಹೆದರಿಕೆ ಆಗಲ್ವೇನಮ್ಮಾ?" ಅಂದರು ಹೆಡ್‌ಮಾಸ್ಟರು.

"ಹೆದರಿಕೆ ಯಾಕೆ ಸಾರ್? ಒಂದು ದಿನಾನೂ ತಪ್ಪಿಸದೆ ಓದೋರು ಇನ್ಯಾರಿದಾರೆ!"

ನನಗಂತೂ ಕುಣಿಯುವಷ್ಟು ಖುಷಿ. ಕಥೆ ಮುಗಿದ ದಿನವೇ ಎರಡನೇ ಭಾಗ ಕಳಿಸಿ ಅಂತ ಪ್ರಕಾಶಕರಿಗೆ ಬರೆದು ಹಾಕಿದೆ.

ನಿನ್ನೆ ಪಾರ್ಸೆಲ್ ಬಂತು. ಅಂಚೆಯವನ ಕೈಯಿಂದ ಇಸ್ಕೊಂಡು, ಹೆಡ್‌ಮಾಸ್ಟರ ಎದುರೇ ಟೇಪು ಕತ್ತರಿಸಿ ಹೊಚ್ಚ ಹೊಸ ಪುಸ್ತಕ ತೆಗೆದೆ.

ಮೊದಲ ಹತ್ತು ಪುಟಗಳ ಮೂಲೆ ಆಗಲೇ ಒದ್ದೆಯಾಗಿತ್ತು.